ಜಲಜಳ ಮೆಟ್ಟುಗತ್ತಿ ಕೋರ್ಟಿಗೆ ಹೋದದ್ದು

ಸಮನ್ಸು ಹಿಡಿದುಕೊಂಡು ಪೊಲೀಸಿನವನು ಬೀಜಾಡಿಯ ಆ ಮನೆಯ ಅಂಗಳಕ್ಕೆ ಬಂದಾಗ ಜಲಜ ಒಂದು ಕೈಯಲ್ಲಿ ಅತ್ತೆಯ ಕಣ್ಣಿನ ರೆಪ್ಪೆ ಬಿಡಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಮದ್ದಿನ ಬಾಟಲಿ ಹಿಂಡುತ್ತಿದ್ದಳು. ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು. ಪಂಪು ಓಡುತ್ತಿತ್ತು, ಟ್ಯಾಂಕಿ ತುಂಬಿ ನೀರು ಹಂಚಿನ ಮೇಲೆ ಸುರಿಯುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಗಂಡ ಚಂದಯ್ಯ ಪಂಪಿನ ಸ್ವಿಚ್ಚಿನಿಂದ ಮೂರೇ ಮೂರು ಹೆಜ್ಜೆ ದೂರದಲ್ಲಿ ಕೂತು ಬಲೆಯ ಹರಕು ಹೊಲಿಯುತ್ತಿದ್ದ.

"ಜಲಜ ಮೊಗವೀರ ಅಂದ್ರೆ ಯಾರು?"

"ನಾನೇ. ಇನ್ನೆರಡ್ ಹನಿ ಬಾಕಿ ಇತ್ತ್, ನಿಲ್ಲಿ," ಎಂದಳು ಜಲಜ.

ಪೊಲೀಸಿನವನು ನಿಂತ. ಎರಡು ಹನಿ ಬಿತ್ತು. ಜಲಜ ಪಂಪು ನಿಲ್ಲಿಸಿ, ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು. ಬೀಜಾಡಿ ವಾಸಿ ಜಲಜ ಮೊಗವೀರ, ಕೋಂ ಚಂದಯ್ಯ ಮೊಗವೀರ, ವಯಸ್ಸು ಐವತ್ತನಾಲ್ಕು, ಇವರು ಬರುವ ಹದಿನಾರನೇ ತಾರೀಕು ಬೆಳಿಗ್ಗೆ ಹನ್ನೊಂದು ಗಂಟೆಗೆ ಕುಂದಾಪುರದ ಕೋರ್ಟಿಗೆ ಆರೋಪಿಯಾಗಿ ಹಾಜರಾಗತಕ್ಕದ್ದು ಎಂದು ಕಾಗದ ಹೇಳಿತು.

"ಹದಿನಾರ್ ಅಂದ್ರೆ ಸೋಮವಾರ," ಅತ್ತೆ ಸರಸ ಕಣ್ಣು ಮುಚ್ಚಿಕೊಂಡೇ ಲೆಕ್ಕ ಹಾಕಿದಳು. "ಸೋಮವಾರ ಮೀನ್ ಹೆಂಗೂ ಖರ್ಚಾತಿಲ್ಲೆ. ಒಳ್ಳೇದೇ ಆಯ್ತ್ ಕಾಣ್."

"ಮನಿಯಂಗೆ ಮಧ್ಯಾಹ್ನದ್ ಊಟ?" ಎಂದ ಚಂದಯ್ಯ. ಹೆಂಡತಿ ಆರೋಪಿ ಎಂಬ ಕಾಗದ ಮನೆಗೆ ಬಂದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಆ ಕಾಗದ ಬರುವುದಕ್ಕೆ ಕಾರಣವಾದ ಸಂಗತಿ ನಡೆದು ಎಂಟು ತಿಂಗಳಾಗಿತ್ತು. ಅದು ಹೀಗೆ.

ಜಲಜ ಮೀನು ಮಾರಲು ತೊಡಗಿ ಮೂವತ್ತನಾಲ್ಕು ವರ್ಷ. ಮೊದಲು ಬುಟ್ಟಿ ಹೊತ್ತು ಬಸ್ರೂರಿನ ಮನೆಮನೆ ತಿರುಗುತ್ತಿದ್ದಳು. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಮೀನು ಪೇಟೆಯಲ್ಲಿ ಅತ್ತೆಯ ಜಾಗಕ್ಕೆ ಬಂದು ಕೂತಳು. ಜಾಗದ ಜೊತೆಗೆ ಅತ್ತೆಯ ಮೆಟ್ಟುಗತ್ತಿಯೂ ಬಂತು. ಒಂದೂವರೆ ಅಡಿ ಉದ್ದದ ಹಲಸಿನ ಹಲಗೆ, ಅದರ ತುದಿಯಲ್ಲಿ ಕೊಕ್ಕರೆಯ ಕುತ್ತಿಗೆಯ ಹಾಗೆ ಬಾಗಿ ನಿಂತ ಅಲಗು. ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಮೀನನ್ನು ಎರಡು ಕೈಯಲ್ಲಿ ಹಿಡಿದು ಅಲಗಿಗೆ ಒತ್ತಬೇಕು. ಇಲ್ಲಿ ಕತ್ತಿ ಅಲ್ಲಾಡುವುದಿಲ್ಲ, ಮೀನು ಅಲ್ಲಾಡುತ್ತದೆ. ಅತ್ತೆ ಸೊಸೆ ಇಬ್ಬರ ಹಿಮ್ಮಡಿ ಒತ್ತಿ ಒತ್ತಿ ಹಲಗೆಯಲ್ಲಿ ಒಂದು ಗುಳಿ ಬಿದ್ದಿತ್ತು. ಆ ಗುಳಿಯಲ್ಲಿ ಕಾಲಿಟ್ಟರೆ ಜಲಜಳಿಗೆ ಕಣ್ಣು ಬೇಕಾಗಿರಲಿಲ್ಲ; ಪಕ್ಕದವಳ ಹತ್ತಿರ ಮಾತಾಡುತ್ತಲೇ ಒಂದು ಕಿಲೋ ಬಂಗುಡೆಯ ತಲೆ, ಕಿವಿರು, ಕರುಳು ಎಲ್ಲ ತೆಗೆದಿಡುತ್ತಿದ್ದಳು.

ಪೇಟೆಯ ಪದ್ಧತಿ ಏನೆಂದರೆ, ಮೀನು ಯಾರ ಹತ್ತಿರ ಕೊಂಡಿರೋ ಅವಳೇ ಕೊಯ್ದು ಕೊಡಬೇಕು, ಪುಕ್ಕಟೆ. ಮಾರುವುದನ್ನು ಕೆಲಸ ಎನ್ನುತ್ತಾರೆ. ಕೊಯ್ಯುವುದಕ್ಕೆ ಮಾತ್ರ ಯಾರೂ ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಒಂದು ಭಾನುವಾರ ಬಿಳಿ ಅಂಗಿ ಹಾಕಿದ ಒಬ್ಬರು ಕಾರಿನಿಂದ ಇಳಿದು ಬಂದರು. ಮುಂಬೈಯಲ್ಲಿ ಹೋಟೆಲು ಇರುವ ರವಿಚಂದ್ರ ಶೆಟ್ಟರು. ರಜೆಗೆ ಊರಿಗೆ ಬಂದವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮೂರು ಕಿಲೋದ ಅಂಜಲ್ ಮೀನು.

"ಹ್ವಾಯ್, ಇದೊಂದ್ ಕೊಯ್ದ್ ಕೊಡಿ ಕಾಂಬ."

"ಎಲ್ಲಿ ತಕಂಡದ್ದ್?"

"ಹೈವೇ ಬದಿ ಗಾಡಿಯಂಗೆ."

"ಹಂಗಾರೆ ಗಾಡಿಯವ್ರ ಹತ್ರವೇ ಕೊಯ್ಸ್ಕಣಿ."

"ಅವ್ರ್ ಕೊಯ್ದ್ ಕೊಡ್ತಿಲ್ಲೆ ಮಾರಾಯ್ತಿ. ನಿಮ್ಗೆಂತ, ಎರಡ್ ನಿಮಿಷದ್ ಕೆಲ್ಸ."

"ಕೆಲ್ಸ ಅಂದ್ರಲೆ, ಬಾಯಂಗೆ ಬಂತಲೆ! ಐವತ್ ರೂಪಾಯ್ ಕೊಡಿ, ಕೊಯ್ತೆ."

"ಮೀನ್ ಕೊಯ್ಯುಕೂ ದುಡ್ಡಾ? ನಮ್ಮನಿ ಹೆಂಗ್ಸ್ರ್ ದಿನಾ ಪುಕ್ಕಟೆ ಕೊಯ್ತ್ರ್."

ಜಲಜ ತಲೆ ಎತ್ತಿ ನೋಡಿದಳು. ಪಕ್ಕದ ಗಿರಿಜಾ, ಆಚೆ ಕಟ್ಟೆಯವರು, ಎಲ್ಲರ ಕೈಯೂ ಒಂದು ಕ್ಷಣ ನಿಂತಿತು. "ಹಂಗಾರೆ ನಿಮ್ಮನಿ ಹೆಂಗ್ಸ್ರಿಗೇ ಕೊಂಡ್ಹೋಯಿ ಕೊಡಿ," ಎಂದಳು ಜಲಜ. ಶೆಟ್ಟರು ಹೋಗಲಿಲ್ಲ. ಮೀನಿನ ಹೆಂಗಸರ ಬಾಯಿಯ ಬಗ್ಗೆ ಒಂದು ಮಾತು ಹೇಳಿದರು. ಜಲಜ ಅವರ ವಂಶದ ಬಗ್ಗೆ ಎರಡು ಹೇಳಿದಳು. ಅವರು ಚೀಲವನ್ನು ಅವಳ ಮಡಿಲಿಗೇ ಎಸೆದರು. ಅವಳು ಪಕ್ಕದಲ್ಲಿದ್ದ ಮೀನು ತೊಳೆದ ನೀರಿನ ಬಕೆಟ್ಟು ಎತ್ತಿ ಬಿಳಿ ಅಂಗಿಯ ಮೇಲೆ ಹೊಯ್ದಳು.

ಅಂಗಿಯ ಮೇಲೆ ಮೀನಿನ ಪೊರೆ ಬಿಸಿಲಿಗೆ ಮಿಣಮಿಣ ಹೊಳೆಯಿತು. ಇಡೀ ಪೇಟೆ ನಕ್ಕಿತು. ಬರೀ ನೀರಾಗಿದ್ದರೆ ಕೇಸು ಆಗುತ್ತಿರಲಿಲ್ಲವೇನೋ. ಆ ನಗು ಕೇಸಾಯಿತು.

ಸಂಜೆಯೇ ದೂರು. ಅವಾಚ್ಯವಾಗಿ ಬೈದಳು, ಕೊಳಕು ನೀರು ಎರಚಿದಳು, ಅಷ್ಟೇ ಅಲ್ಲ, ಕೈಯಲ್ಲಿದ್ದ ಹರಿತವಾದ ಆಯುಧ ಎತ್ತಿ ತೋರಿಸಿ ಕೊಲ್ಲುತ್ತೇನೆಂದು ಬೆದರಿಸಿದಳು. ಪೊಲೀಸರು ಬಂದು ಮೆಟ್ಟುಗತ್ತಿಯನ್ನು ಪೇಪರಿನಲ್ಲಿ ಸುತ್ತಿ ಕೊಂಡುಹೋದರು. ಸ್ಟೇಷನ್ನಿನಲ್ಲಿ ಜಲಜಳಿಗೆ ತನ್ನ ಮೇಲಿನ ದೂರಿಗಿಂತ ಪೇಪರಿನದೇ ಚಿಂತೆ. "ಒದ್ದಿ ಇತ್ತ್, ವರ್ಸಿ ಇಡಿ. ಎಣ್ಣಿ ಹಚ್ಚಿ. ತುಕ್ಕ್ ಹಿಡಿತ್ತ್," ಎಂದು ಒಳಗೆ ಹೋಗಿ ಮಹಿಳಾ ಪೊಲೀಸಿನ ಹಿಂದೆ ಹಿಂದೆ ತಿರುಗುತ್ತಿದ್ದಳು. ಹೊರಗಿನ ಮೇಜಿನಲ್ಲಿ ಅವಳ ವಿವರವನ್ನೆಲ್ಲ ಬರೆಸಿದವನು ಚಂದಯ್ಯ. ಏನು ಬರೆಸಿದ ಎಂದು ಯಾರೂ ಕೇಳಲಿಲ್ಲ. ಜಾಮೀನಾಯಿತು, ಮನೆಗೆ ಬಂದರು.

ಅಂದಿನಿಂದ ಜಲಜ ಸಂತೆಯಿಂದ ತಂದ ಹೊಸ ಮೆಟ್ಟುಗತ್ತಿಯಲ್ಲಿ ಕೊಯ್ಯುತ್ತಿದ್ದಳು. ಅದರ ಹಲಗೆ ಜಾರುತ್ತಿತ್ತು, ಅಲಗು ಗಿಡ್ಡ. ಎಂಟು ತಿಂಗಳಲ್ಲಿ ಬೆರಳಿಗೆ ಐದು ಸಲ ಗಾಯ. ಮೊದಲು ಮೂರು ಮಂದಿಯ ಮೀನು ಕೊಯ್ಯುವ ಹೊತ್ತಿನಲ್ಲಿ ಈಗ ಒಬ್ಬರದು. ಕಾಯಲಾರದವರು ಬೇರೆ ಕಟ್ಟೆಗೆ ಹೋಗುತ್ತಿದ್ದರು. ಇನ್ನು ಕೆಲವರು ಕಾಯುತ್ತ, "ಜಲಜಕ್ಕ, ಕತ್ತಿ ತೋರ್ಸ್‌ಬೇಡಿ ಮತ್ತೆ," ಎಂದು ತಮಾಷೆ ಮಾಡುತ್ತಿದ್ದರು. ಮೊದಲ ಹತ್ತು ಸಲ ಅವಳೂ ನಕ್ಕಳು.

ಸಮನ್ಸು ಬಂದ ಸುದ್ದಿ ಮುಂಬೈಗೆ ಮುಟ್ಟಿತು. ಮಗ ಸುಶಾಂತ್ ವಾಶಿಯಲ್ಲಿ ಕ್ಯಾಂಟೀನಿನ ಗಲ್ಲೆಯಲ್ಲಿ ಕೂರುವವನು. ಫೋನಿನಲ್ಲೇ ತೀರ್ಪು ಕೊಟ್ಟ.

"ಅಮ್ಮ, ಹೋಯಿ ತಪ್ಪಾಯ್ತ್ ಅಂದ್ ಒಪ್ಕಂಡ್ ದಂಡ ಕಟ್ಟಿ ಬಾ. ಒಂದೇ ದಿನದಂಗೆ ಮುಗಿತ್ತ್. ಖಾಲಿಪೀಲಿ ಡೇಟಿನ್ ಮೇಲ್ ಡೇಟ್ ಎಂತಕ್ಕೆ? ನೀನ್ ಕೋರ್ಟಿಗೆ ತಿರ್ಗುಕ್ ಹೊರ್ಟ್ರೆ ಮನಿ ಕಾಂಬುದ್ ಯಾರ್?"

ಗಂಡನದೂ ಅದೇ ಮಾತು, ಗಂಡನ ಅಣ್ಣನದೂ ಅದೇ. ನೀನು ಕತ್ತಿ ಎತ್ತಿದ್ದು ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಮನೆ ಕಾಣುವುದು ಯಾರು ಎಂದು ಎಲ್ಲರೂ ಕೇಳಿದರು.

ಜಲಜಳಿಗೆ ಇದ್ದದ್ದು ಒಂದೇ ಪ್ರಶ್ನೆ: ಒಪ್ಪಿಕೊಂಡರೆ ಕತ್ತಿ ವಾಪಸು ಕೊಡುತ್ತಾರೋ? ಅದನ್ನು ಕೇಳಲು ಅವಳು ಕುಂದಾಪುರದಲ್ಲಿ ವಕೀಲೆ ಸೌಜನ್ಯಳ ಆಫೀಸಿನ ಮೆಟ್ಟಿಲು ಹತ್ತಿದಳು. ಸೌಜನ್ಯ ಬಸ್ರೂರಿನ ಹುಡುಗಿ. ಅವಳು ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಾಗ ಆ ಮನೆಯ ಮೀನು ಜಲಜಳ ಬುಟ್ಟಿಯಿಂದಲೇ ಹೋಗುತ್ತಿತ್ತು.

"ಕೊಡೂದಿಲ್ಲೆ ಜಲಜಕ್ಕ," ಎಂದಳು ಸೌಜನ್ಯ. "ನೀವ್ ಒಪ್ಕಂಡ್ರೆ ಅದ್ ಆಯುಧ ಅಂದೇ ಆಯ್ತ್. ಆಯುಧ ಸರಕಾರಕ್ಕೆ. ಅಷ್ಟೇ ಅಲ್ಲ, ಜಲಜ ಕತ್ತಿ ಎತ್ತಿದ್ಲ್ ಅಂಬುದ್ ಕಾಯಂ ಆತ್ತ್."

"ಒಪ್ಪದಿದ್ರೆ?"

"ಒಪ್ಪದಿದ್ರೆ ವಿಚಾರಣೆ. ಎಷ್ಟ್ ಡೇಟ್ ಅಂದ್ ಹೇಳುಕಾತಿಲ್ಲೆ. ಆದ್ರೆ ಕೇಸ್ ಮುಗಿಯು ತನ್ಕ ಕತ್ತಿ ನಮ್ಗೆ ಕೊಡಿ, ದುಡಿದ್ ತಿಂಬು ಸಾಮಾನ್ ಅದ್ ಅಂದ್ ಒಂದ್ ಅರ್ಜಿ ಹಾಕುಕಾತ್ತ್." ಹೇಳುತ್ತ ಅವಳು, ಜಲಜ ಫೋನು ಮಾಡಿದಾಗಲೇ ತೆಗೆಸಿಟ್ಟಿದ್ದ ಪೊಲೀಸರ ವರದಿಯ ನಕಲು ತಿರುವುತ್ತಿದ್ದಳು. ಒಂದು ಕಡೆ ಅವಳ ಬೆರಳು ನಿಂತಿತು. "ಜಲಜಕ್ಕ, ಇದ್ ಯಾರ್ ಬರ್ಸದ್ದ್? ಉದ್ಯೋಗ ಗೃಹಿಣಿ ಅಂದಿತ್ತಲೆ?"

"ಎಂತ ಅಂದಿತ್ತ್?"

"ಗೃಹಿಣಿ. ಮನಿಯಂಗೆ ಇಪ್ಪುದ್, ಬೇರೆ ಕೆಲ್ಸ ಇಲ್ಲೆ ಅಂದ್. ದುಡಿದ್ ತಿಂಬು ಸಾಮಾನ್ ಅಂದ್ ನಾನ್ ಅರ್ಜಿ ಹೆಂಗ್ ಹಾಕುದ್? ಇದ್ ಓದ್ರೆ, ಕೆಲ್ಸ ಇಲ್ದಿದ್ ಹೆಂಗ್ಸೊಬ್ಳ್ ಮನಿಯಿಂದ ಕತ್ತಿ ಹಿಡ್ಕಂಡ್ ಪೇಟಿಗ್ ಬಂದಂಗಿತ್ತ್."

ಮೂವತ್ತನಾಲ್ಕು ವರ್ಷ ಮೀನು ಮಾರಿದ ಜಲಜ ಕಾಗದವನ್ನು ತನ್ನತ್ತ ತಿರುಗಿಸಿಕೊಂಡು, ಅದರಲ್ಲಿರುವ ಹೆಸರು ತನ್ನದೇ ಹೌದೋ ಎಂದು ನೋಡಿದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಹ್ವಾಯ್, ಸ್ಟೇಷನಂಗೆ ನಾನ್ ಎಂತ ಮಾಡ್ತೆ ಅಂದ್ ಹೇಳದ್ರಿ?"

ಚಂದಯ್ಯನ ಸೂಜಿ ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿತು. "ಅದ್... ಹೆಂಡ್ತಿ ಎಂತ ಮಾಡ್ತ್ರ್ ಅಂದ್ ಕೇಂಡ್ರ್. ದುಡಿತ್ಲ್ ಅಂದ್ರೆ ಸರಕಾರಕ್ಕೆ ಗೊತ್ತಾಯಿ ಬಿಪಿಎಲ್ ಕಾರ್ಡ್ ತೆಗ್ದ್ ಹಾಕ್ತ್ರ್ ಅಂದ್ ಹೆದ್ರಿಕಿ ಆಯ್ತ್. ಅದ್ಕೆ ಎಂತದೂ ಮಾಡ್ತಿಲ್ಲೆ, ಮನಿಯಂಗೇ ಇಪ್ಪುದ್ ಅಂದೆ."

"ಮೀನ್ ಪೇಟಿಯಂಗೆ ಹಿಡ್ದ್ ತಂದವ್ಳಿಗೆ?"

"ಅದ್ ನಂಗೆ ಆಗ ಹೊಳಿಲಿಲ್ಲೆ."

ಒಳಗಿನಿಂದ ಸರಸಳ ದನಿ ಬಂತು. "ಎಂತದೂ ಮಾಡ್ದಿದ್ದವ್ಳಾ! ಹೊಂಡದಂಗಿಪ್ಪು ನಿನ್ನ ಹೊಟ್ಟಿ ತುಂಬ್ಸುದ್ ಯಾರಾ? ಸರಕಾರವಾ?"

ಚಂದಯ್ಯ ಕೆಟ್ಟವನಲ್ಲ. ಮೂವತ್ತು ವರ್ಷ ಬೋಟಿನಲ್ಲಿ ದುಡಿದು, ಸೊಂಟ ಹಿಡಿದುಕೊಂಡ ಮೇಲೆ ದಡಕ್ಕೆ ಬಂದವನು. ಕಡಲಿನಲ್ಲಿ ಯಾವ ಕಡೆ ಎಷ್ಟು ಮಾರು ಆಳದಲ್ಲಿ ಬಂಡೆ ಇದೆ ಎಂದು ಅವನಿಗೆ ಗೊತ್ತಿತ್ತು. ಉಪ್ಪಿನ ಭರಣಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಜಲಜ ಜಗಳ ಮಾಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಹದಿನಾರನೇ ತಾರೀಕಿನ ಸುತ್ತ ಪೆನ್ನಿನಿಂದ ಗೀಟು ಎಳೆದಳು.

"ಹದಿನಾರಕ್ಕೆ ನಂಗೆ ಕೋರ್ಟ್, ನಿಮ್ಗೆ ಮನಿ. ಇಬ್ರೂ ಕಲ್ತ್ಕಂಬ."

ಹೀಗೆ ಆ ಮನೆಯಲ್ಲಿ ಎರಡು ತಯಾರಿ ಒಟ್ಟಿಗೇ ಶುರುವಾದವು.

ಜಲಜಳ ತಯಾರಿ ಸುಲಭದ್ದು. ಸೌಜನ್ಯ ಹೇಳಿಕೊಟ್ಟಿದ್ದಳು: ಆಧಾರ್ ಕಾರ್ಡು, ಎರಡು ಫೋಟೋ, ಮನೆ ತೆರಿಗೆ ರಶೀದಿ ಇರುವ ಒಬ್ಬರು ಜಾಮೀನುದಾರರು. ಹೆಸರು ಕರೆದಾಗ ಮುಂದೆ ಹೋಗಿ ನಿಲ್ಲಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ. ಫೋನು ಬಂದ್. ಜಾಮೀನಿಗೆ ಗಿರಿಜಾ ಕೂಡಲೇ ಒಪ್ಪಿದಳು. ಅವಳ ಮನೆ ಅವಳ ಹೆಸರಿನಲ್ಲೇ ಇತ್ತು, ಮನೆ ಸಾಲದ ಕಂತು ಮುಗಿಸಿದವಳೂ ಅವಳೇ. "ನಿಂಗೆ ಜಾಮೀನ್ ನಿಂತ್ರೆ ನಂಗೂ ಒಂದಿನ ಮನಿಯಿಂದ ಬಿಡುಗಡೆ," ಎಂದಳು.

ಚಂದಯ್ಯನ ತಯಾರಿ ಕಷ್ಟದ್ದು. ಕುಚ್ಚಲಕ್ಕಿಗೆ ಎಷ್ಟು ನೀರು, ಎಷ್ಟು ಹೊತ್ತು. ಅಮ್ಮನ ಕಣ್ಣಿನ ಹಸಿರು ಮುಚ್ಚಳದ ಮದ್ದು ಮೂರು ಹೊತ್ತು, ಬಿಳಿ ಮುಚ್ಚಳದ್ದು ಎರಡು. ಎರಡರ ನಡುವೆ ಹತ್ತು ನಿಮಿಷ. ಪಂಪು ಹಾಕಿದರೆ ಇಪ್ಪತ್ತೈದು ನಿಮಿಷಕ್ಕೆ ಆರಿಸಬೇಕು. ಹಾಲಿನವನ ಪಾತ್ರೆ ಹೊರಗೆ ಇಡಬೇಕು. ಗ್ಯಾಸು ಖಾಲಿಯಾದರೆ ಯಾರಿಗೆ ಫೋನು.

"ಇಷ್ಟೆಲ್ಲ ಒಬ್ಳೇ ನೆಂಪ್ ಇಟ್ಕಂತ್ಯಾ?" ಎಂದ ಅವನು ಮೂರನೇ ದಿನ.

"ಎಂತದೂ ಮಾಡ್ತಿಲ್ಲೆ ಅಲ್ದಾ? ತಲಿ ಖಾಲಿ ಇರ್ತ್. ಜಾಗ ಇತ್ತ್," ಎಂದಳು ಜಲಜ.

ಸಂಜೆ ಹೊತ್ತು ಕೋರ್ಟು ಮನೆಯಲ್ಲೇ ಕೂರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿದ ಸರಸ ನ್ಯಾಯಾಧೀಶೆ. ಕಣ್ಣಿನ ಆಪರೇಷನ್ನಿನ ಕನ್ನಡಕ ಅವಳಿಗೆ ಬಹಳ ಗಾಂಭೀರ್ಯ ಕೊಟ್ಟಿತ್ತು. ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುವ ಕೆಲಸ ಚಂದಯ್ಯನದು.

"ಹೆಣೆ ಜಲಜ, ನೀನ್ ಅವ್ರ ಮೇಲ್ ನೀರ್ ಹೊಯ್ದದ್ದ್ ಹೌದಾ?"

"ಹೌದ್."

"ಎಷ್ಟ್?"

"ಅರ್ಧ ಬಕೆಟ್."

"ಸಾಕಾಯ್ಲಿಲ್ಲೆ. ಕೇಸ್ ವಜಾ!"

ನಕ್ಕು ಮುಗಿದ ಮೇಲೂ ಜಲಜಳಿಗೆ ಒಂದು ಮಾತು ಕಿರಿಕಿರಿ ಮಾಡುತ್ತಿತ್ತು. ನ್ಯಾಯಾಧೀಶರು ಆರೋಪವನ್ನೆಲ್ಲ ಒಟ್ಟಿಗೇ ಓದಿ ಒಪ್ಪುತ್ತೀರಾ ಎಂದು ಕೇಳುತ್ತಾರೆ, ಆಗ ಇಲ್ಲ ಎನ್ನಬೇಕು ಎಂದಿದ್ದಳು ಸೌಜನ್ಯ. "ಅದ್ ಹೆಂಗಾತ್ತ್ ಮೇಡಂ?" ಎಂದು ಜಲಜ ಫೋನಿನಲ್ಲಿ ವಾದಿಸಿದ್ದಳು. "ನೀರ್ ಹಾಕದ್ದ್ ಹೌದ್. ಕತ್ತಿ ಎತ್ತದ್ದ್ ಅಲ್ಲ. ಬುಟ್ಟಿ ಪೂರ್ತಿ ತಕಂಬುದ್ ಇಲ್ದಿದ್ರೆ ಬಿಡುದ್ ಅಂದ್ರೆ ಹೆಂಗೆ? ಆರಿಸಿ ತಕಂಬುಕಾಗ್ದಾ?"

"ಈಗ ಆಪುದಿಲ್ಲೆ ಜಲಜಕ್ಕ. ಆರ್ಸುದೆಲ್ಲ ವಿಚಾರಣೆಯಂಗೆ."

ನೀರಿನ ಬಗ್ಗೆ ಅವಳಿಗೆ ಪಶ್ಚಾತ್ತಾಪ ಎಂದೇನೂ ಇರಲಿಲ್ಲ. ಆದರೆ ತಾರೀಕಿಗೆ ಒಂದು ವಾರ ಇರುವಾಗ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಕಟ್ಟೆಯ ಮುಂದೆ ಬಂದು ನಿಂತಳು. ಒಂದು ಕಿಲೋ ಬಂಗುಡೆ ಕೊಂಡಳು. ಕೊಯ್ಯಿಸಿಕೊಂಡಳು. ಮೀನಿನ ದುಡ್ಡಿನ ಮೇಲೆ ಐವತ್ತರ ನೋಟು ಬೇರೆಯಾಗಿ ಇಟ್ಟಳು.

"ಇದೆಂತಕ್ಕೆ ಅಮ್ಮ? ಇಲ್ ತಕಂಡ್ರೆ ಕೊಯ್ಯುಕೆ ದುಡ್ಡಿಲ್ಲೆ."

"ಇರ್ಲಿ. ನಾನ್ ದಿವ್ಯಾ, ರವಿಚಂದ್ರ ಶೆಟ್ರ ಹೆಂಡ್ತಿ." ಅತ್ತ ಇತ್ತ ನೋಡಿ ಸಣ್ಣಗೆ ನಕ್ಕಳು. "ಆ ಬಿಳಿ ಅಂಗಿ ತೊಳ್ದದ್ದ್ ನಾನ್. ಮೂರ್ ಸಲ ನೆನ್ಸಿಟ್ಟೆ, ಲಿಂಬಿ ಹುಳಿ ತಿಕ್ಕಿದೆ. ವಾಸನಿ ಹೋಯ್ಲಿಲ್ಲೆ. ಅಂಜಲೂ ಮತ್ತೆ ನಾನೇ ಕೊಯ್ದದ್ದ್."

ಜಲಜ ಆ ನೋಟನ್ನು ನೋಡುತ್ತ ಕೂತಳು. ನೀರು ಬಿದ್ದ ಅಂಗಿಯನ್ನು ತೊಳೆದದ್ದು ಯಾರು ಎಂದು ಎಂಟು ತಿಂಗಳಲ್ಲಿ ಒಮ್ಮೆಯೂ ಅವಳು ಯೋಚಿಸಿರಲಿಲ್ಲ. ದಿವ್ಯಾ ತಿರುಗಿ ನಡೆಯುವಾಗ ಕೂಗಿ ಕರೆದು, ನೋಟು ವಾಪಸು ಕೊಟ್ಟು, ಚೀಲಕ್ಕೆ ನಾಲ್ಕು ಬಂಗುಡೆ ಹೆಚ್ಚಿಗೆ ಹಾಕಿದಳು. ಅವನ್ನೂ ಕೊಯ್ದೇ ಹಾಕಿದಳು. "ಆ ಅಂಗಿ ನಿಮ್ಮ ಕೈಗ್ ಬಂದದ್ದ್ ಬೇಜಾರಾಯ್ತ್," ಎಂದಳು.

ಹದಿನಾರರ ಬೆಳಿಗ್ಗೆ ಅಭ್ಯಾಸಬಲದಿಂದ ಅವಳ ಕೈ ಅಕ್ಕಿ ಡಬ್ಬಿಗೆ ಹೋಯಿತು. "ಬಿಡ್," ಎಂದಳು ಸರಸ ಮಲಗಿದಲ್ಲಿಂದಲೇ. "ಇವತ್ ಅದ್ ಅವನ್ ಕೇಸ್." ಜಲಜ ಡಬ್ಬಿ ಮುಚ್ಚಿದಳು. ಮದುವೆಯಾದ ಮೇಲೆ ಮೊದಲ ಸಲ ಅಕ್ಕಿ ತೊಳೆಯದೆ ಮನೆಯಿಂದ ಹೊರಟಳು. ಗೇಟಿನ ತನಕ ಏನೋ ಮರೆತ ಹಾಗೆ ಅನಿಸುತ್ತಿತ್ತು, ಗೇಟು ದಾಟಿದ ಮೇಲೆ ಅದೂ ಹೋಯಿತು. ಜರಿ ಅಂಚಿನ ಹಸಿರು ಸೀರೆ, ಕೈಯಲ್ಲಿ ಫೈಲು. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ.

"ಎಂತ ಅ‌ಕ್ಕ, ಇವತ್ ಬುಟ್ಟಿ ಇಲ್ಯಾ?"

"ಇವತ್ ನಾನೇ ಮಾಲ್," ಎಂದಳು. ಗಿರಿಜಾ ಕಿಟಕಿಯ ಕಡೆ ತಿರುಗಿ ನಕ್ಕಳು.

ಕೋರ್ಟಿನಲ್ಲಿ ಕಾಯುವುದೇ ಕೆಲಸ. ಹೊರಗಿನ ಬೆಂಚಿನಲ್ಲಿ ಕೂತರು. ಇಷ್ಟು ಹೊತ್ತು ಕೈ ಕಟ್ಟಿ ಕೂತು ಜಲಜಳಿಗೆ ಎಷ್ಟು ವರ್ಷವಾಗಿತ್ತೋ. ಜಲಜಳ ಫೋನು ಬಂದ್ ಇತ್ತು. ಹಾಗಾಗಿ ಚಂದಯ್ಯ ಗಿರಿಜಾಳ ಫೋನಿಗೆ ಮಾಡಿದ. ಮೊದಲನೆಯದು ನೀರು ಎಷ್ಟು ಎಂದು. ಎರಡನೆಯದು ಬಿಳಿ ಮುಚ್ಚಳವೋ ಹಸಿರು ಮುಚ್ಚಳವೋ ಎಂದು. ಮೂರನೆಯದು, ಅನ್ನ ತಳ ಹಿಡಿದರೆ ಆ ಪಾತ್ರೆಯನ್ನು ಏನು ಮಾಡುವುದು ಎಂದು.

"ನೆನ್ಸಿ ಇಡಿ, ಮತ್ತೆ ತೊಳಿಯಿ ಅಂದ್ ಹೇಳ್," ಎಂದಳು ಜಲಜ. "ನಾನ್ ಬಂದ್ ತೊಳಿತೆ ಅಂದ್ ಹೇಳ್ಬ್ಯಾಡ."

ಹನ್ನೆರಡೂವರೆಗೆ ಹೆಸರು ಕೂಗಿದರು. ಚಂದಯ್ಯ ಕೂಗಿ ಅಭ್ಯಾಸ ಮಾಡಿಸಿದ್ದಕ್ಕಿಂತ ಜೋರಾಗಿತ್ತು. ಜಲಜ ಮುಂದೆ ಹೋಗಿ ನಿಂತಳು. ಎದುರಿಗೆ ಸರಸಳ ಪ್ಲಾಸ್ಟಿಕ್ ಕುರ್ಚಿ ಇದೆ ಎಂದು ನೆನೆದುಕೊಂಡಳು. ನ್ಯಾಯಾಧೀಶರು ಉತ್ತರ ಕರ್ನಾಟಕದ ಕಡೆಯವರು, ಕಾಗದದಿಂದ ಕಣ್ಣೆತ್ತದೆ ಕೇಳಿದರು.

"ಹೆಸರು ಜಲಜ. ವಯಸ್ಸು ಐವತ್ನಾಲ್ಕು. ಉದ್ಯೋಗ ಗೃಹಿಣಿ. ಬರೋಬ್ಬರಿ ಐತೇನಮ್ಮ?"

ಸೌಜನ್ಯ ಬಾಯಿ ತೆರೆಯುವ ಮೊದಲೇ ಜಲಜ ಹೇಳಿದಳು.

"ಪೂರ್ತಿ ಸರಿ ಅಲ್ಲ ಸ್ವಾಮಿ. ಬೆಳಿಗ್ಗೆ ನಾಲ್ಕರಿಂದ ಆರೂವರೆ, ಮತ್ತೆ ಸಂಜೆ ಐದ್ರಿಂದ ಮನಿಕಂಬು ತನ್ಕ ನಾನ್ ಗೃಹಿಣಿ. ಮಧ್ಯದಂಗೆ ಮೀನ್ ಮಾರುದ್. ಮೂವತ್ನಾಲ್ಕ್ ವರ್ಷ ಆಯ್ತ್."

ಟೈಪು ಮಾಡುವವನ ಕೈ ನಿಂತಿತು. ನ್ಯಾಯಾಧೀಶರು ಈಗ ಕಣ್ಣೆತ್ತಿದರು. "ಮತ್ತೆ ಪೊಲೀಸರಿಗೆ ಹಿಂಗ್ಯಾಕ ಬರೆಸಿದ್ರಿ?"

"ನಾನ್ ಬರ್ಸದ್ದಲ್ಲ ಸ್ವಾಮಿ. ನನ್ನ ಗಂಡ ಬರ್ಸದ್ದ್. ಅವ್ರಿಗೆ ಎಂಟ್ ತಿಂಗ್ಳ್ ಹಿಂದೆ ಗೊತ್ತಿರ್ಲಿಲ್ಲ. ಈಗ ಕಲಿತಾ ಇದ್ರ್."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿದರು. "ಮೀನು ಮಾರಾಟ ಅಂತ ಬರಕೊಳ್ರಿ," ಎಂದರು ನ್ಯಾಯಾಧೀಶರು. ಆಮೇಲೆ ಆರೋಪ ಓದಿದರು. ಬೈದದ್ದು, ನೀರು, ಆಯುಧ, ಬೆದರಿಕೆ, ಎಲ್ಲ ಒಂದೇ ಉಸಿರಿನಲ್ಲಿ. ಒಪ್ಪಿಕೊಳ್ಳುತ್ತೀರಾ?

"ಇಲ್ಲ ಸ್ವಾಮಿ." ಅಲ್ಲಿಗೆ ನಿಲ್ಲಿಸಬೇಕಿತ್ತು. ಸೌಜನ್ಯ ಗಂಟಲು ಸರಿ ಮಾಡಿಕೊಂಡಳು. ಜಲಜಳಿಗೆ ಅದು ಕೇಳಿಸಲಿಲ್ಲ. "ನೀರಿನ್ ಸಂಗತಿ ಬೇರೆ, ಅದ್ರ ಬೇಜಾರ್ ಅಂಗಿ ತೊಳ್ದವ್ರ ಹತ್ರ ಹೇಳಿ ಆಯ್ತ್. ಕತ್ತಿ ಎತ್ತದ್ದ್ ಇಲ್ಲ. ಅದ್ ಎತ್ತು ಕತ್ತಿಯೇ ಅಲ್ಲ ಸ್ವಾಮಿ, ಮೆಟ್ಟಿ ಕೂಕಂಬುದ್."

"ಅದನ್ನೆಲ್ಲ ವಿಚಾರಣೆದಾಗ ಹೇಳ್ರಿ. ಈಗ ಒಪ್ಪೂದಿಲ್ಲ ಅಂತ ಬರಕೋತೀವಿ."

ಸೌಜನ್ಯ ಕೂಡಲೇ ಅರ್ಜಿ ಮುಂದಿಟ್ಟಳು. ಪೊಲೀಸರು ವಶಪಡಿಸಿಕೊಂಡದ್ದು ಮರದ ಹಲಗೆ ಸಹಿತ ಕಬ್ಬಿಣದ ಅಲಗು ಒಂದು, ಆರೋಪಿಯ ದಿನದ ದುಡಿಮೆಯ ಸಾಮಾನು. ನ್ಯಾಯಾಧೀಶರು ಅದರ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. "ಇದು ನಮ್ಮ ಕಡೆ ಈಳಿಗಿ ಇದ್ದಂಗ ಐತಲ್ಲ. ನಮ್ಮವ್ವ ಕುಂತು ಕಾಯಿಪಲ್ಲೆ ಹೆಚ್ಚತಿದ್ಲು." ಸರಕಾರಿ ವಕೀಲರು ಆಕ್ಷೇಪವಿಲ್ಲ ಎಂದರು. ಮುಚ್ಚಳಿಕೆ ಬರೆದುಕೊಟ್ಟು ಕೊಂಡುಹೋಗಬಹುದು, ಕೋರ್ಟು ಕೇಳಿದಾಗ ತರಬೇಕು, ಮಾರಬಾರದು, ರೂಪ ಬದಲಾಯಿಸಬಾರದು ಎಂದು ಆದೇಶವಾಯಿತು.

"ಸಾಣಿ ಹಿಡ್ಸುಕಾತ್ತಾ ಸ್ವಾಮಿ?"

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಹಿಡಸ್ರಿ," ಎಂದರು. ಮುಂದಿನ ತಾರೀಕು ಬರುವ ತಿಂಗಳ ಹತ್ತೊಂಬತ್ತು.

ಮೂರು ದಿನದ ಮೇಲೆ ಸ್ಟೇಷನ್ನಿನಿಂದ ಮೆಟ್ಟುಗತ್ತಿ ಕೈಗೆ ಬಂತು. ಅವಳು ಹೆದರಿದ್ದ ಹಾಗೇ ಅಲಗಿಗೆ ಕಂದು ಬಣ್ಣದ ತುಕ್ಕು ಬಂದಿತ್ತು. ಹಲಗೆಗೆ ನಂಬರು ಬರೆದ ಚೀಟಿಯೊಂದನ್ನು ದಾರದಲ್ಲಿ ಕಟ್ಟಿದ್ದರು, ತೆಗೆಯಬಾರದಂತೆ. ಜಲಜ ಗೋಣಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಮನೆಯಲ್ಲಿ ಚಂದಯ್ಯ ಪಂಪು ಸಮಯಕ್ಕೆ ಸರಿಯಾಗಿ ನಿಲ್ಲಿಸಿದ್ದ, ಅದನ್ನು ಹೇಳಿಕೊಳ್ಳಲು ಕಾಯುತ್ತಲೂ ಇದ್ದ. ತಳ ಹಿಡಿದ ಪಾತ್ರೆ ಮೂರು ದಿನದಿಂದ ನೆನೆಯುತ್ತಲೇ ಇತ್ತು. ಜಲಜ ಎರಡನ್ನೂ ನೋಡಿದಳು. ಅಲಗಿನ ತುಕ್ಕು ತಿಕ್ಕಿ, ಎಣ್ಣೆ ಒರೆಸಿ, ಮೆಟ್ಟುಗತ್ತಿಯನ್ನು ಅಂಗಳದಲ್ಲಿಟ್ಟಳು. ಪಕ್ಕದಲ್ಲಿ ಹತ್ತು ಬಂಗುಡೆ ಇಟ್ಟಳು.

"ಹ್ವಾಯ್, ಬನ್ನಿ. ಕೂಕಣಿ."

"ಎಂತ, ನಾನಾ?"

"ಮತ್ಯಾರ್? ಹತ್ತೊಂಬತ್ತಕ್ಕೆ ಮತ್ತೆ ಕೋರ್ಟ್. ಅವತ್ತ್ ಸೋಮವಾರ ಅಲ್ಲ, ಮೀನ್ ಊಟ ಬೇಕಾತ್ತ್ ನಿಮ್ಗೆ."

ಚಂದಯ್ಯ ಸೊಂಟ ಹಿಡಿದುಕೊಂಡು ಕೂತ. ಹಲಗೆಯ ಗುಳಿಗೆ ಅವನ ಹಿಮ್ಮಡಿ ಹೊಂದಲಿಲ್ಲ. ಮೀನು ಜಾರಿತು. ಎರಡನೆಯದು ಅರ್ಧ ತುಂಡಾಗಿ ಆಚೆ ಹಾರಿತು, ಬೆಕ್ಕಿಗೆ ಹಬ್ಬ. ಬಾಗಿಲಲ್ಲಿ ಕಪ್ಪು ಕನ್ನಡಕದ ಸರಸ, "ಕತ್ತಿ ಅಲ್ಲಾಡ್ಸುದಲ್ಲ, ಮೀನ್ ಅಲ್ಲಾಡ್ಸ್!" ಎಂದು ಕೂಗುತ್ತಿದ್ದಳು. ಮೂರನೆಯ ಬಂಗುಡೆಯಾದ ಮೇಲೆ ಅವನು ಬೆವರು ಒರೆಸಿಕೊಂಡು, ಏನೋ ಹೊಳೆದವನ ಹಾಗೆ, ಕೂತಲ್ಲಿಂದಲೇ ಹಲಗೆಯನ್ನು ಎತ್ತಲು ನೋಡಿದ. ಅವನದೇ ಕಾಲು ಅದರ ಮೇಲಿತ್ತು. ಕಾಲು ತೆಗೆದು ಎತ್ತಲು ಹೋದರೆ ಮೈ ವಾಲಿ ಹಿಂದಕ್ಕೆ ಬೀಳುವಂತಾಯಿತು.

"ಹೆಣೆ ಜಲಜ, ಇದನ್ ಎತ್ತಿ ಒಬ್ಬರನ್ ಹೆದ್ರ್ಸುದ್ ಹೆಂಗಾತ್ತ್?"

"ಅದನ್ನೇ ಹೋಯಿ ಕೋರ್ಟಂಗೆ ಹೇಳಿ. ಸೌಜನ್ಯ ಮೇಡಂ ನಮ್ಮ ಬದಿಗ್ ಒಂದ್ ಸಾಕ್ಷಿ ಬೇಕ್ ಅಂದಿದ್ರ್."

ಚಂದಯ್ಯ ಹಲಗೆಯನ್ನು ಮತ್ತೆ ಕಾಲಿನಿಂದ ಮೆಟ್ಟಿದ. "ಹೇಳ್ತೆ," ಎಂದ. ಆಮೇಲೆ, "ಇಬ್ರೂ ಕೋರ್ಟಿಗ್ ಹೋದ್ರೆ ಅವತ್ತ್ ಮನಿ ಕಾಂಬುದ್ ಯಾರ್?"

"ಮುಂಬೈಗೆ ಫೋನ್ ಮಾಡ್," ಎಂದಳು ಸರಸ. "ಸುಶಾಂತಂಗೆ ರಜಿ ಹಾಕಿ ಬಪ್ಪುಕ್ ಹೇಳ್. ಮದ್ದಿನ್ ಮುಚ್ಚಳ ನಾನೇ ಕಲಿಸ್ತೆ."

"ಇನ್ನೂ ಏಳ್ ಬಂಗ್ಡಿ ಇತ್ತ್," ಎಂದು ಜಲಜ ಗಂಡನಿಗೆ ನೆನಪು ಮಾಡಿ, ಮೂರು ದಿನದ ಆ ಪಾತ್ರೆಯನ್ನೂ ತಂದು ಅವನ ಪಕ್ಕದಲ್ಲಿಟ್ಟು, ಬಾಗಿಲ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಳು.